ಸಣ್ಣ ರಂಗಮಂದಿರಗಳ ಎಲ್‌ಇಡಿ ಬೆಳಕು: ಅಗ್ಗ ಯಾವುದು, ದುಬಾರಿ ಯಾವುದು?

ಬೆಂಗಳೂರು ನಗರಕ್ಕೆ ಶಿವನಸಮುದ್ರದ ವಿದ್ಯುತ್ ಬಂದದ್ದು 1905ರಲ್ಲಿ. ಬೆಂಗಳೂರು ಗಾಯನ ಸಮಾಜ ಸ್ಥಾಪನೆಯಾದದ್ದೂ ಅದೇ ವರ್ಷ. ನಾಲ್ಕು ವರ್ಷಗಳ ತರುವಾಯ, 1909ರಲ್ಲಿ, ಅಮೆಚೂರ್ ಡ್ರಾಮಾಟಿಕ್ ಅಸೋಸಿಯೇಷನ್ ಹುಟ್ಟಿತು. ಹೀಗೆ ನಮ್ಮ ಊರಿನಲ್ಲಿ ವಿದ್ಯುದ್ದೀಪ ಮತ್ತು ಹವ್ಯಾಸಿ ಕಲೆ ಎರಡೂ ಒಟ್ಟೊಟ್ಟಿಗೇ ಬೆಳೆದುಬಂದಿವೆ. ಇವುಗಳ ನಡುವೆ ನಿಂತು ಎರಡನ್ನೂ ಪೋಷಿಸಿದವನು ವರ್ತಕ: ದೀಪ ಮಾರಿದವನು, ದೀಪ ಬಾಡಿಗೆಗೆ ಕೊಟ್ಟವನು, ಕೆಟ್ಟ ದೀಪವನ್ನು ಸರಿಪಡಿಸಿದವನು. ಇಂದು ಹ್ಯಾಲೊಜನ್ ದೀಪಗಳ ಸ್ಥಾನವನ್ನು ಎಲ್‌ಇಡಿ ದೀಪಗಳು ಆಕ್ರಮಿಸುತ್ತಿರುವ ಸಂದರ್ಭದಲ್ಲಿ, ಈ ವರ್ತಕನ ಹೊಣೆ ಏನು ಎಂಬುದನ್ನು ವಿಚಾರ ಮಾಡಬೇಕಾಗಿದೆ.

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಲ್ಲಿ ಸಣ್ಣ ಸಭಾಂಗಣಗಳಿಗೆ ಕೊರತೆಯಿಲ್ಲ. ಹನುಮಂತನಗರದ ಕೆ.ಎಚ್. ಕಲಾಸೌಧ, ಬಿ.ಪಿ. ವಾಡಿಯಾ ರಸ್ತೆಯ ವಿಶ್ವ ಸಂಸ್ಕೃತಿ ಸಂಸ್ಥೆ, ಮಲ್ಲೇಶ್ವರದ ಸೇವಾ ಸದನ ಇವು ಎಲ್ಲರೂ ಬಲ್ಲ ಹೆಸರುಗಳು. ಇವಲ್ಲದೆ ಶಾಲೆ, ಕಾಲೇಜು, ಸಂಘ, ಮಠಗಳಿಗೆ ಸೇರಿದ ಸಭಾಂಗಣಗಳೂ ಇವೆ. ಇಲ್ಲಿ ಒಂದು ದಿನ ನಾಟಕ, ಮರುದಿನ ಭರತನಾಟ್ಯದ ರಂಗಪ್ರವೇಶ, ಮತ್ತೊಂದು ದಿನ ಸುಗಮ ಸಂಗೀತ ಅಥವಾ ಹರಿಕಥೆ ನಡೆಯುತ್ತದೆ. ಇಂತಹ ಸ್ಥಳಗಳಿಗೆ ಬೇಕಾದ ದೀಪ ಯಾವುದು ಎಂಬ ಪ್ರಶ್ನೆಗೆ ಮಾರುಕಟ್ಟೆ ಈಗ ಕೊಡುತ್ತಿರುವ ಉತ್ತರ ಬಹುಮಟ್ಟಿಗೆ ಒಂದೇ: ಕಲ್ಯಾಣ ಮಂಟಪ ಮತ್ತು ಆರ್ಕೆಸ್ಟ್ರಾಗಳಿಗೆ ಮಾರಾಟವಾಗುವ ಬಣ್ಣಬಣ್ಣದ ಎಲ್‌ಇಡಿ ಪಾರ್ ದೀಪ. ಬೆಲೆ ಕಡಿಮೆ, ನೋಟಕ್ಕೆ ಬೆರಗು. ಆದರೆ ನಾಟಕದ ವೇದಿಕೆಗೆ ಅದು ಅಗ್ಗವಲ್ಲ, ದುಬಾರಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಕೊಳ್ಳಬೇಕಾದವರು ಯಾರು?

ಮೊದಲು ವಿದ್ಯುತ್ತಿನ ಲೆಕ್ಕವನ್ನೇ ನೋಡೋಣ. ಒಂದು ಸಾವಿರ ವಾಟ್‌ನ ಹನ್ನೆರಡು ಹ್ಯಾಲೊಜನ್ ಪಾರ್ ದೀಪಗಳಿದ್ದರೆ ಒಟ್ಟು ಹೊರೆ 12 ಕಿಲೋವಾಟ್. ಅವುಗಳ ಬದಲಿಗೆ 200 ವಾಟ್‌ನ ಹನ್ನೆರಡು ಬಿಳಿ ಎಲ್‌ಇಡಿ ದೀಪಗಳನ್ನು ಹಾಕಿದರೆ ಹೊರೆ 2.4 ಕಿಲೋವಾಟ್. ಎರಡೂವರೆ ಗಂಟೆಯ ಪ್ರದರ್ಶನದಲ್ಲಿ ಎಲ್ಲ ದೀಪಗಳೂ ಪೂರ್ಣ ಉರಿದವು ಎಂದುಕೊಂಡರೂ ಮೊದಲನೆಯದಕ್ಕೆ 30 ಯೂನಿಟ್, ಎರಡನೆಯದಕ್ಕೆ 6 ಯೂನಿಟ್ ಖರ್ಚು. ಉಳಿತಾಯ 24 ಯೂನಿಟ್. ಲೆಕ್ಕದ ಅನುಕೂಲಕ್ಕೆ ಯೂನಿಟ್‌ಗೆ 10 ರೂಪಾಯಿ ಹಿಡಿದರೆ ಪ್ರದರ್ಶನವೊಂದಕ್ಕೆ 240 ರೂಪಾಯಿ.

ವರ್ಷಕ್ಕೆ ಆರು ಪ್ರದರ್ಶನ ಮಾಡುವ ಹವ್ಯಾಸಿ ತಂಡಕ್ಕೆ ಇದರಿಂದ ಉಳಿಯುವುದು 1,440 ರೂಪಾಯಿ ಮಾತ್ರ. ಇಷ್ಟಕ್ಕಾಗಿ ತಂಡವೊಂದು ಸ್ವಂತ ದೀಪಗಳನ್ನು ಕೊಂಡು, ಅವನ್ನು ಕಾರ್ಯದರ್ಶಿಯ ಮನೆಯ ಮಹಡಿಯ ಮೇಲೆ ಧೂಳು ತಿನ್ನಲು ಬಿಡುವುದರಲ್ಲಿ ಅರ್ಥವಿಲ್ಲ. ಆದರೆ ವರ್ಷಕ್ಕೆ ನೂರು ದಿನ ಕಾರ್ಯಕ್ರಮ ನಡೆಯುವ ಸಭಾಂಗಣಕ್ಕೆ ಇದೇ ಉಳಿತಾಯ 24,000 ರೂಪಾಯಿ. ಅಲ್ಲದೆ ಮಂಜೂರಾದ ಲೋಡ್ ಕಿಲೋವಾಟ್‌ಗೆ ಇಷ್ಟೆಂದು ತಿಂಗಳ ಬಿಲ್ಲಿನಲ್ಲಿ ಬೀಳುವ ನಿಗದಿತ ಶುಲ್ಕ, ಜನರೇಟರಿನ ಗಾತ್ರ, ವೇದಿಕೆಯ ಸೆಕೆ, ಸುಟ್ಟುಹೋಗುವ ಬಣ್ಣದ ಹಾಳೆಗಳು, ಕೆಲವು ನೂರು ಗಂಟೆಗಳಲ್ಲೇ ಆಯುಷ್ಯ ಮುಗಿಸುವ ಹ್ಯಾಲೊಜನ್ ಬಲ್ಬು ಇವೆಲ್ಲವೂ ಲೆಕ್ಕಕ್ಕೆ ಸೇರುತ್ತವೆ. ಆದುದರಿಂದ ಎಲ್‌ಇಡಿ ದೀಪದ ಸಹಜ ಗಿರಾಕಿ ಸಭಾಂಗಣದ ಆಡಳಿತ ಮಂಡಳಿ ಅಥವಾ ಬಾಡಿಗೆ ವ್ಯಾಪಾರಿ, ರಂಗತಂಡವಲ್ಲ. ತಂಡಕ್ಕೆ ದೀಪ ಮಾರುವ ಉತ್ಸಾಹದಲ್ಲಿರುವ ವರ್ತಕರು ಈ ಮಾತನ್ನು ಗಮನಿಸಬೇಕು.

ಸೀರೆ ಅಂಗಡಿಯ ಪಾಠ

ಚಿಕ್ಕಪೇಟೆಯಲ್ಲಿ ರೇಷ್ಮೆ ಸೀರೆ ಕೊಳ್ಳುವ ಗೃಹಿಣಿ ಅದನ್ನು ಅಂಗಡಿಯ ದೀಪದ ಕೆಳಗೆ ನೋಡಿ ತೃಪ್ತಳಾಗುವುದಿಲ್ಲ; ಬಾಗಿಲಿಗೆ ತಂದು ಹಗಲಿನ ಬೆಳಕಿನಲ್ಲಿ ನೋಡುತ್ತಾಳೆ. ದೀಪ ಬದಲಾದರೆ ಬಣ್ಣ ಬದಲಾಗುತ್ತದೆ ಎಂಬುದನ್ನು ಜವಳಿ ವರ್ತಕರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ದೀಪದ ವ್ಯಾಪಾರದಲ್ಲಿ ಇದನ್ನೇ ಸಿ.ಆರ್.ಐ. ಎಂಬ ಅಂಕಿಯಿಂದ ಅಳೆಯುತ್ತಾರೆ. ಇದರ ಗರಿಷ್ಠ ಮಿತಿ 100. ಹ್ಯಾಲೊಜನ್ ದೀಪ ಈ ನೂರರ ಹತ್ತಿರವೇ ಇರುತ್ತದೆ. ಕೆಂಪು, ಹಸಿರು, ನೀಲಿ ಎಂಬ ಮೂರೇ ಬಣ್ಣಗಳನ್ನು ಬೆರೆಸಿ ಬಿಳಿ ಮಾಡುವ ಎಲ್‌ಇಡಿ ಅದಕ್ಕಿಂತ ಬಹಳ ಕೆಳಗಿರುತ್ತದೆ. ಪರಿಣಾಮವಾಗಿ ನಟನ ಮುಖ ಬೂದಿ ಬಳಿದಂತೆ ಕಾಣುತ್ತದೆ. ನರ್ತಕಿಯ ಸೀರೆಯ ಅರಗು ಮಂಕಾಗುತ್ತದೆ. ತಪ್ಪು ಪ್ರಸಾಧನ ಕಲಾವಿದನದೆಂದು ಜನ ಭಾವಿಸುತ್ತಾರೆ.

ಆದುದರಿಂದ ಮುಖದ ಮೇಲೆ ಬೀಳುವ ದೀಪಕ್ಕೆ ಸಿ.ಆರ್.ಐ. 90ಕ್ಕಿಂತ ಹೆಚ್ಚಿರಬೇಕು. ಈ ಅಂಕಿ ಎಂಟು ತಿಳಿಬಣ್ಣಗಳ ಸರಾಸರಿಯಷ್ಟೆ. ಗಾಢ ಕೆಂಪು ಅದರಲ್ಲಿ ಸೇರುವುದಿಲ್ಲ. ಆರ್9 ಎಂದು ಪ್ರತ್ಯೇಕವಾಗಿ ನಮೂದಿಸುವ ಅಂಕಿಯೇ ಗಾಢ ಕೆಂಪಿನ ಅಳತೆ. ಕುಂಕುಮ, ಅಲತಿಗೆ, ರೇಷ್ಮೆಯ ಅರಗು ಇವು ಮುಖ್ಯವಾದ ನಮ್ಮ ವೇದಿಕೆಗಳಿಗೆ ಆ ಅಂಕಿಯನ್ನೂ ಕೇಳಿ ಪಡೆಯುವುದು ಉಚಿತ.

ಕೊಳ್ಳುವ ಮುನ್ನ ಇನ್ನೂ ಮೂರು ಪರೀಕ್ಷೆಗಳು ಅವಶ್ಯ. ಮೊದಲನೆಯದು, ಬೆಳಕು ಆರುವ ರೀತಿ. ದೃಶ್ಯದ ಕೊನೆಯಲ್ಲಿ ಬೆಳಕು ಮೆಲ್ಲನೆ ಕತ್ತಲಿಗೆ ಇಳಿಯಬೇಕು. ಹ್ಯಾಲೊಜನ್ ತಂತಿ ತಾನಾಗಿಯೇ ಕೆಂಪೇರುತ್ತ ನಂದುತ್ತದೆ. ಅಗ್ಗದ ಎಲ್‌ಇಡಿಯಾದರೋ ಕೇವಲ 256 ಮೆಟ್ಟಿಲುಗಳಲ್ಲಿ ಇಳಿಯುತ್ತದೆ. ಕೊನೆಯ ಕೆಲವು ಮೆಟ್ಟಿಲುಗಳು ಕಣ್ಣಿಗೆ ರಾಚುವಂತೆ ಕುಪ್ಪಳಿಸುತ್ತವೆ. 16 ಬಿಟ್ ನಿಯಂತ್ರಣವಿರುವ ಅಥವಾ ತನ್ನೊಳಗೇ ಈ ಇಳಿತವನ್ನು ಮೃದುಗೊಳಿಸುವ ದೀಪವನ್ನೇ ಆರಿಸಬೇಕು. ಎರಡನೆಯದು, ಫ್ಯಾನಿನ ಸದ್ದು. ಶಾಮಿಯಾನದಲ್ಲಿ ಅದು ಯಾರ ಕಿವಿಗೂ ಬೀಳದು; ಆದರೆ ಇನ್ನೂರು ಆಸನಗಳ ಸಭಾಂಗಣದಲ್ಲಿ ತಂಬೂರಿಯ ಶ್ರುತಿಯೊಡನೆ ಹನ್ನೆರಡು ಫ್ಯಾನುಗಳು ಗುಂಯ್‌ಗುಟ್ಟಿದರೆ ಕಚೇರಿ ಕೆಡುತ್ತದೆ. ಮೂರನೆಯದು, ಕ್ಯಾಮೆರಾ. ದೀಪವನ್ನು ಶೇಕಡ 10ಕ್ಕೆ ಇಳಿಸಿ ಮೊಬೈಲ್ ಫೋನಿನಲ್ಲಿ ಚಿತ್ರೀಕರಿಸಿ ನೋಡಬೇಕು. ಪರದೆಯ ಮೇಲೆ ಕಪ್ಪು ಪಟ್ಟಿಗಳು ಓಡಿದರೆ ಆ ದೀಪ ಬೇಡ. ಈ ಮೂರು ಪರೀಕ್ಷೆಗೂ ಅಂಗಡಿಯಲ್ಲಿಯೇ ಹತ್ತು ನಿಮಿಷ ಸಾಕು.

ಐವತ್ತು ಸಾವಿರ ಗಂಟೆಯ ಮಾತು

ಎಲ್‌ಇಡಿ ದೀಪದ ಪೆಟ್ಟಿಗೆಯ ಮೇಲೆ 50,000 ಗಂಟೆಗಳ ಆಯುಷ್ಯ ಎಂದು ಮುದ್ರಿಸಿರುವುದು ಸಾಮಾನ್ಯ. ವರ್ಷಕ್ಕೆ ನೂರು ದಿನ, ದಿನಕ್ಕೆ ನಾಲ್ಕು ಗಂಟೆ ಬಳಸುವ ಸಭಾಂಗಣದಲ್ಲಿ ಆ ಲೆಕ್ಕದಂತೆ ದೀಪ 125 ವರ್ಷ ಬಾಳಬೇಕು! ಅಷ್ಟು ಕಾಲ ಸಭಾಂಗಣದ ಚಾವಣಿಯೇ ಉಳಿಯುವುದು ಅನುಮಾನ. ವಾಸ್ತವದಲ್ಲಿ ಮೊದಲು ಕೆಡುವುದು ಎಲ್‌ಇಡಿ ಅಲ್ಲ. ಅದಕ್ಕೆ ವಿದ್ಯುತ್ ಒದಗಿಸುವ ಡ್ರೈವರ್, ಧೂಳು ತುಂಬಿದ ಫ್ಯಾನ್, ಸಡಿಲಗೊಂಡ ಕನೆಕ್ಟರ್. ಹಾಗಾಗಿ ಆಯುಷ್ಯದ ಗಂಟೆಗಳಿಗಿಂತ ಮುಖ್ಯವಾದ ಪ್ರಶ್ನೆ ಒಂದೇ: ಡ್ರೈವರ್ ಸುಟ್ಟರೆ ಬದಲಿ ಎಲ್ಲಿ, ಎಷ್ಟು ದಿನದಲ್ಲಿ, ಯಾವ ಬೆಲೆಗೆ ಸಿಗುತ್ತದೆ? ಬಿಡಿಭಾಗ ಸಿಗದ ದೀಪ ಎಷ್ಟೇ ಅಗ್ಗವಾದರೂ ಒಮ್ಮೆ ಕೆಟ್ಟರೆ ಗುಜರಿಯ ಪಾಲು.

ಹಳೆಯ ಸಭಾಂಗಣಗಳಿಗೆ ಇನ್ನೊಂದು ಎಚ್ಚರಿಕೆ. ಈಗಿರುವ ಥೈರಿಸ್ಟರ್ ಡಿಮ್ಮರ್‌ಗಳ ಸಾಲಿಗೆ ಹೊಸ ಎಲ್‌ಇಡಿ ರಂಗದೀಪಗಳನ್ನು ಜೋಡಿಸಬಾರದು. ಇವಕ್ಕೆ ನೇರ, ಸ್ಥಿರ ವಿದ್ಯುತ್ ಬೇಕು. ಏರಿಳಿತವನ್ನು ಡಿಎಂಎಕ್ಸ್ ತಂತಿಯ ಮೂಲಕ ನಿಯಂತ್ರಿಸಬೇಕು. ಆ ತಂತಿಯೂ ಅದಕ್ಕೆಂದೇ ತಯಾರಾದದ್ದಾಗಿರಬೇಕು. ಮೈಕಿನ ತಂತಿಯಿಂದ ಕೆಲಸ ನಡೆಯುವಂತೆ ಕಂಡರೂ, ಸಾಲು ಉದ್ದವಾದಾಗ ದೀಪಗಳು ಹುಚ್ಚೆದ್ದು ಮಿನುಗುವುದುಂಟು. ಸಾಲಿನ ತುದಿಗೆ 120 ಓಮ್‌ನ ಟರ್ಮಿನೇಟರ್ ಹಾಕುವುದನ್ನು ಮರೆಯಬಾರದು. ತಂತಿ ಬದಲಿಸುವ ಈ ಖರ್ಚನ್ನು ದರಪಟ್ಟಿಯಲ್ಲಿ ಮೊದಲೇ ತೋರಿಸುವ ವರ್ತಕ ನಂಬಿಕೆಗೆ ಅರ್ಹ.

ಎಷ್ಟು ದೀಪ, ಎಂತಹ ದೀಪ?

ಹಣ ಮಿತವಾಗಿರುವಾಗ ಸಣ್ಣ ಸಭಾಂಗಣವೊಂದು ಇಪ್ಪತ್ತನಾಲ್ಕು ಬಣ್ಣದ ದೀಪಗಳ ಬದಲಿಗೆ ಎಂಟು ಉತ್ತಮ ಬೆಚ್ಚನೆಯ ಬಿಳಿ ದೀಪಗಳನ್ನು ಮುಂದಿನಿಂದ ಬೀಳುವಂತೆಯೂ, ನಾಲ್ಕು ಬಣ್ಣದ ದೀಪಗಳನ್ನು ಹಿಂದಿನಿಂದ ಬೀಳುವಂತೆಯೂ ಕಟ್ಟಿಸುವುದು ಲೇಸು. ಬಣ್ಣ ಹಿಂಬದಿಗೆ ಮತ್ತು ಪರದೆಗೆ; ಮುಖಕ್ಕೆ ಬಿಳಿ. ಹಿಂಬದಿಯ ನಾಲ್ಕು ದೀಪಗಳಿಗೆ ಅಗ್ಗದ ಪಾರ್ ಧಾರಾಳವಾಗಿ ಸಾಕು. ಸುಸ್ಥಿತಿಯಲ್ಲಿರುವ ಹ್ಯಾಲೊಜನ್ ಸ್ಪಾಟ್‌ಗಳನ್ನು ಹೊರಗೆಸೆಯಬೇಕಾಗಿಲ್ಲ. ಹಳೆಯ ಡಿಮ್ಮರ್ ಸಹಿತ ಎರಡು ಮೂರನ್ನು ಉಳಿಸಿಕೊಂಡರೆ ಅವು ವಿಶೇಷ ದೃಶ್ಯಗಳಿಗೆ ಒದಗುತ್ತವೆ. ತಲೆ ತಿರುಗಿಸುವ ಮೂವಿಂಗ್ ಹೆಡ್ ದೀಪಗಳು ಇಂತಹ ಸ್ಥಳಗಳಿಗೆ ಅನಾವಶ್ಯಕ.

ವರ್ತಕರ ಮತ್ತು ತಯಾರಕರ ಪಾಲು

ಗಿರಾಕಿಗಳು ಅಗ್ಗದ್ದನ್ನೇ ಕೇಳುತ್ತಾರೆ, ನಾವು ಅದನ್ನೇ ತರಿಸುತ್ತೇವೆ ಎಂದು ಎಸ್.ಪಿ. ರಸ್ತೆಯ ವರ್ತಕ ಬಾಂಧವರು ಹೇಳಬಹುದು. ಆ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಎಲ್‌ಇಡಿ ದೀಪಗಳ ಮೇಲಿನ ಜಿಎಸ್‌ಟಿ 2022ರ ಜುಲೈ 18ರಿಂದ ಶೇಕಡ 12ರಿಂದ 18ಕ್ಕೆ ಏರಿತು. ನೋಂದಣಿಯಿಲ್ಲದ ಸಂಘ ಸಂಸ್ಥೆಗಳು ಈ ತೆರಿಗೆಯನ್ನು ಹಿಂಪಡೆಯಲಾರವು. ಆದ್ದರಿಂದ ಬಿಲ್ಲಿಲ್ಲದ ಮಾಲಿನತ್ತ ಅವು ವಾಲುವುದು ಸಹಜ. ಆದರೆ ಬಿಲ್ಲಿಲ್ಲದೆ ವಾರಂಟಿಯಿಲ್ಲ, ವಾರಂಟಿಯಿಲ್ಲದೆ ದುರಸ್ತಿಯಿಲ್ಲ. ಇದನ್ನು ತಿಳಿಸಿ ಹೇಳಬೇಕಾದವನು ವರ್ತಕನೇ. ಸಿ.ಆರ್.ಐ., ಫ್ಯಾನ್ ಇದೆಯೋ ಇಲ್ಲವೋ, ಡ್ರೈವರಿನ ಮಾದರಿ ಸಂಖ್ಯೆ, ಬಿಡಿಭಾಗದ ಬೆಲೆ ಈ ನಾಲ್ಕು ವಿವರಗಳನ್ನು ದರಪಟ್ಟಿಯಲ್ಲಿ ಬರೆದುಕೊಡುವ ಪದ್ಧತಿ ರೂಢಿಯಾದರೆ ಅಗ್ಗದ ಮಾಲಿಗೂ ಒಳ್ಳೆಯ ಮಾಲಿಗೂ ಇರುವ ಅಂತರ ಗಿರಾಕಿಗೆ ತಾನಾಗಿಯೇ ಗೋಚರವಾಗುತ್ತದೆ. ಈಗ ಕೇವಲ ಬೆಲೆಯ ಮೇಲೆ ನಡೆಯುತ್ತಿರುವ ಪೈಪೋಟಿ ಗುಣದ ಮೇಲೆ ನಡೆಯತೊಡಗುತ್ತದೆ.

ನಮ್ಮ ಸಣ್ಣ ಕೈಗಾರಿಕೋದ್ಯಮಿಗಳಿಗೂ ಇಲ್ಲೊಂದು ಅವಕಾಶವಿದೆ. ಸಣ್ಣ ಸಭಾಂಗಣಕ್ಕೆ ಬೇಕಾದುದು ಒಂದೇ ಬಣ್ಣದ, ಫ್ಯಾನಿಲ್ಲದ, ಬಿಚ್ಚಿ ಜೋಡಿಸಲು ಸುಲಭವಾದ ಬಿಳಿ ದೀಪ. ಎಲ್‌ಇಡಿ ಚಿಪ್ಪನ್ನು ಹೊರಗಿನಿಂದ ತರಿಸಬೇಕಾದರೂ ಶಾಖ ಹೀರುವ ಅಲ್ಯೂಮಿನಿಯಂ ಒಡಲು, ತಗಡಿನ ಕವಚ, ತೂಗುಹಾಕುವ ಕ್ಲಾಂಪು, ಬೆಳಕಿಗೆ ಕಟ್ಟೆ ಕಟ್ಟುವ ರೆಕ್ಕೆಗಳು ಇವಾವುವೂ ಪೀಣ್ಯ ಅಥವಾ ರಾಜಾಜಿನಗರದ ಕಾರ್ಖಾನೆಗಳಿಗೆ ಮೀರಿದವಲ್ಲ. ಡ್ರೈವರ್ ಮಾತ್ರ ಭಾರತೀಯ ಮಾನಕ ಬ್ಯೂರೋದ ನೋಂದಣಿ ಪಡೆದದ್ದಾಗಿರಬೇಕು.

ಬೇಡಿಕೆ ಚದುರಿಹೋಗಿದೆ ಎಂಬುದೇ ಇದಕ್ಕಿರುವ ತೊಡಕು. ಬೇಡಿಕೆಯನ್ನು ಒಗ್ಗೂಡಿಸಿದರೆ ಏನಾಗುತ್ತದೆ ಎಂಬುದನ್ನು ಮನೆಯ ಬಲ್ಬಿನ ವಿಷಯದಲ್ಲಿ ದೇಶವೇ ಕಂಡಿದೆ. 2014ರ ಆರಂಭದಲ್ಲಿ ಸರ್ಕಾರದ ಸಗಟು ಖರೀದಿಯಲ್ಲಿ 310 ರೂಪಾಯಿಯಿದ್ದ ಎಲ್‌ಇಡಿ ಬಲ್ಬು, ಬಳಿಕ ಉಜಾಲಾ ಎಂದು ಹೆಸರಾದ ಯೋಜನೆಯ ಫಲವಾಗಿ 2016ರ ಹೊತ್ತಿಗೆ 38 ರೂಪಾಯಿಗೆ ಇಳಿಯಿತು. ರಂಗದೀಪಕ್ಕೆ ಅಷ್ಟು ದೊಡ್ಡ ಮಾರುಕಟ್ಟೆ ಇಲ್ಲ, ನಿಜ. ಆದರೆ ಹತ್ತು ಸಭಾಂಗಣಗಳು ಸೇರಿ ತಲಾ ಎಂಟರಂತೆ ಎಂಭತ್ತು ದೀಪಗಳಿಗೆ ಒಂದೇ ಮಾದರಿಯ ಬೇಡಿಕೆ ಸಲ್ಲಿಸಿದರೆ, ಬೆಲೆಯಲ್ಲಿ ರಿಯಾಯಿತಿ ಕೇಳಬಹುದು. ಅದಕ್ಕಿಂತ ಹೆಚ್ಚಾಗಿ, ಹತ್ತೂ ಕಡೆಗೆ ಒದಗುವಂತೆ ಒಂದೇ ಬಗೆಯ ಬಿಡಿಭಾಗಗಳನ್ನು ದಾಸ್ತಾನು ಇಡಬಹುದು.

ಇದಕ್ಕೆ ವಾಣಿಜ್ಯ ಸಂಸ್ಥೆಯೇ ಮುಂದಾಗಬೇಕೆಂಬುದು ನನ್ನ ಸೂಚನೆ. ಬಸವನಗುಡಿಯಲ್ಲೋ ಮಲ್ಲೇಶ್ವರದಲ್ಲೋ ಒಂದು ಸಭಾಂಗಣವನ್ನು ಒಂದು ದಿನದ ಮಟ್ಟಿಗೆ ಪಡೆದು, ವರ್ತಕರು ಮತ್ತು ತಯಾರಕರು ತಮ್ಮ ದೀಪಗಳನ್ನು ಅಕ್ಕಪಕ್ಕದಲ್ಲಿ ತೂಗುಹಾಕಲಿ. ಅವುಗಳ ಕೆಳಗೆ ಬಣ್ಣ ಹಚ್ಚಿದ ನಟನೊಬ್ಬ, ರೇಷ್ಮೆಯುಟ್ಟ ನರ್ತಕಿಯೊಬ್ಬಳು ನಿಲ್ಲಲಿ. ಸಭಾಂಗಣಗಳ ಕಾರ್ಯದರ್ಶಿಗಳೂ ರಂಗತಂಡಗಳವರೂ ತಮ್ಮ ಕಣ್ಣಿನಿಂದಲೇ ನೋಡಿ, ಫ್ಯಾನಿನ ಸದ್ದನ್ನು ತಮ್ಮ ಕಿವಿಯಿಂದಲೇ ಕೇಳಿ ತೀರ್ಮಾನಿಸಲಿ. ಅಂದು ಆಯ್ಕೆಯಾಗುವ ಮಾದರಿಗೆ ಎಲ್ಲರೂ ಸೇರಿ ಬೇಡಿಕೆ ಸಲ್ಲಿಸಲಿ. ಮುಂದಿನ ಮಾಸಿಕ ಸಭೆಯಲ್ಲಿ ಸದಸ್ಯರು ಈ ವಿಷಯವನ್ನು ಚರ್ಚೆಗೆ ಎತ್ತಿಕೊಂಡು ದಿನಾಂಕವೊಂದನ್ನು ನಿಗದಿಪಡಿಸಬೇಕೆಂದು ಕೋರುತ್ತೇನೆ.