ಗಂಡುಹುಡುಗರಿಗೂ ಹೆಣಿಗೆ ಕಲಿಸಿರಿ

ನಮ್ಮ ಕ್ರಾಫ್ಟ್ ಪಿರಿಯಡ್ಡಿನಲ್ಲಿ ಹೆಣ್ಣುಮಕ್ಕಳು ಒಳಗೆ ಕೂತು ಉಲ್ಲನ್ ಹೆಣೆಯುತ್ತಾರೆ, ಗಂಡುಹುಡುಗರು ಹೊರಗೆ ಹೋಗಿ ತೋಟದ ಕಳೆ ಕೀಳುತ್ತೇವೆ. ಕಳೆ ಕೀಳುವುದು ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ವರ್ಷಪೂರ್ತಿ ಅದೊಂದೇ ಯಾಕೆ? ನಮಗೂ ಹೆಣಿಗೆ ಕಲಿಸಬೇಕು, ಅವರೂ ಗುದ್ದಲಿ ಹಿಡಿಯಲಿ ಎಂಬುದು ನನ್ನ ಅಭಿಪ್ರಾಯ.

ಹೆಣಿಗೆ ಹೆಂಗಸರ ಕೆಲಸ ಅಂತ ಕೆಲವರು ನಗುತ್ತಾರೆ. ನಮ್ಮೆಲ್ಲರ ಅಂಗಿ ಚಡ್ಡಿ ಹೊಲಿಯುವ ಟೈಲರ್ ಗಂಡಸಲ್ಲವೇ? ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ಟಿಟಿಕಾಕಾ ಸರೋವರವಿದೆ. ಅದರಲ್ಲಿರುವ ಟಾಕಿಲೆ ದ್ವೀಪದಲ್ಲಿ ಗಂಡಸರೇ ಹೆಣೆಯುವುದು. ಹುಡುಗರು ಚಿಕ್ಕಂದಿನಲ್ಲೇ ಟೋಪಿ ಹೆಣೆಯಲು ಕಲಿಯುತ್ತಾರಂತೆ. ಅಲ್ಲಿಯ ನೇಯ್ಗೆ ಹೆಣಿಗೆಗಳಿಗೆ 2005ರಲ್ಲಿ ಯುನೆಸ್ಕೋ ಸಂಸ್ಥೆಯೇ ಮನ್ನಣೆ ಕೊಟ್ಟಿದೆ. ಅಲ್ಲಿ ಯಾರಾದರೂ ನಗುತ್ತಾರೆಯೇ?

ನನಗೆ ಈ ವಿಷಯ ಹತ್ತಿದ್ದು ನಮ್ಮ ಮನೆಯ ಪಾಪುವಿನಿಂದ. ಅಕ್ಕ ಬಾಣಂತನಕ್ಕೆ ಬಂದಿದ್ದಾಳೆ. ಪಾಪು ಹುಟ್ಟಿದಾಗ ತೂಕ ಎರಡೇ ಕೆ.ಜಿ. ಹೊರಗೆ ಮಾಗಿ ಚಳಿ. ನೋಡಲು ಬಂದ ಆಶಾ ಅಕ್ಕ ಹೇಳಿದರು, ಎಳೆಗೂಸಿಗೆ ನಮ್ಮ ಹಾಗೆ ನಡುಗಿ ಮೈ ಬಿಸಿ ಮಾಡಿಕೊಳ್ಳಲು ಬರುವುದಿಲ್ಲ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಚಳಿಯಾಗಿದೆ ಅಂತ ತಿಳಿದು ತಾಯಿ ಎದೆಗೆ ಅಪ್ಪಿಕೊಳ್ಳಬೇಕು. ತಲೆಗೆ ಟೋಪಿ, ಕಾಲಿಗೆ ಕಾಲುಚೀಲ ಇರಲೇಬೇಕು. ಮನೆಯಲ್ಲಿ ಅಮ್ಮನಿಗೆ ನೀರು ಕಾಯಿಸಿ, ಬಟ್ಟೆ ಒಗೆದು, ಅಡಿಗೆ ಮಾಡುವಷ್ಟರಲ್ಲಿ ಹೊತ್ತು ಮುಗಿಯುತ್ತದೆ. ಸಂಜೆ ಕೈ ಖಾಲಿ ಇರುವುದು ನನ್ನದು! ಹಾಗಾಗಿ ದೊಡ್ಡಮ್ಮನ ಹತ್ತಿರ ಹೋಗಿ ಕಲಿತೆ.

ಕಷ್ಟವೇನಿಲ್ಲ. 10ನೇ ನಂಬರಿನ ಕಡ್ಡಿಗೆ 40 ಕುಣಿಕೆ ಹಾಕಿ ಸೀದಾ 12 ಸಾಲು ಹೆಣೆಯಬೇಕು. ಆಮೇಲೆ ಸರಿಯಾಗಿ ನಡುವೆ ಗುರುತು ಮಾಡಿ, ಅದರ ಆಚೆ ಎರಡು, ಈಚೆ ಎರಡು ಕುಣಿಕೆ ಕೂಡಿಸಿ ಹೆಣೆದರೆ ಸಾಲಿಗೆ 2 ಕಡಿಮೆಯಾಗುತ್ತದೆ. 8 ಸಾಲಿಗೆ 16 ಹೋಗಿ 24 ಉಳಿಯಿತು. (ಗಣಿತದ ಮೇಷ್ಟ್ರು ಗಮನಿಸಬೇಕು.) ಬೆರಳಿನ ಕಡೆ ತಾನಾಗಿಯೇ ಗುಂಡಗೆ ಬರುತ್ತದೆ. ಆ 24ರ ಮೇಲೆ ಇನ್ನು 12 ಸಾಲು ಹೆಣೆದು ಮುಗಿಸಿ, ಅಂಗಾಲು ಮತ್ತು ಹಿಮ್ಮಡಿ ಕಡೆ ಹೊಲಿದರೆ ಒಂದು ಕಾಲಿಂದು ಆಯಿತು. ದೊಡ್ಡಮ್ಮನಿಗೆ ಒಂದು ಸಂಜೆ ಸಾಕು. ನನಗೆ ಜೊತೆಗೆ ನಾಲ್ಕು ದಿನ ಹಿಡಿಯಿತು.

ಹೆಣೆಯುವ ಹೆಣ್ಣುಮಕ್ಕಳಿಗೂ ಒಂದು ಮಾತು. ಚೆಂದಕ್ಕೆ ಉದ್ದ ದಾರ, ಮಣಿ, ಕುಚ್ಚು ಕಟ್ಟಬೇಡಿ. ಕೂಸು ಬಾಯಿಗೆ ಹಾಕಿಕೊಳ್ಳುತ್ತದೆ. ಕಾಲುಚೀಲದ ಒಳಮೈ ತಿರುವಿ ನೋಡಿ, ಬಿಡಿ ಎಳೆ ಇದ್ದರೆ ಕತ್ತರಿಸಿ. ಎಳೆ ಕಾಲ್ಬೆರಳಿಗೆ ಸುತ್ತಿ ಬಿಗಿದರೆ ರಕ್ತ ಓಡುವುದಿಲ್ಲ, ಮಾತು ಬಾರದ ಕೂಸು ಅಳುವುದೊಂದೇ. ಅಂಗಡಿಯ ಉಲ್ಲನ್ ಎಷ್ಟೋ ಸಲ ಕುರಿಯ ಉಣ್ಣೆಯಲ್ಲ, ಬೆಂಕಿ ತಾಗಿದರೆ ಕರಗಿ ಮೈಗೆ ಅಂಟುತ್ತದೆ. ಬಾಣಂತಿ ಕೋಣೆಯ ಕೆಂಡದ ಹತ್ತಿರ ಜೋಪಾನ.

ಆದ್ದರಿಂದ ಗುರುಗಳಲ್ಲಿ ಕೇಳಿಕೊಳ್ಳುವುದೇನೆಂದರೆ, ಒಂದು ವಾರ ನಾವು ಒಳಗೆ, ಹೆಣ್ಣುಮಕ್ಕಳು ತೋಟದಲ್ಲಿ. ಮುಂದಿನ ವಾರ ಅದಲುಬದಲು. ಅಷ್ಟು ಜನಕ್ಕೆ ಕಡ್ಡಿ ಎಲ್ಲಿಂದ ತರುವುದು ಎಂದರೆ, ಬಿದಿರು ಸೀಳಿ ನಯ ಮಾಡಿದ ಕಡ್ಡಿಯೂ ನಡೆಯುತ್ತದೆ. ಬಿದಿರು ತಂದು ಕೆತ್ತಿಕೊಡುವ ಕೆಲಸ ನಮ್ಮದು.

– ಏಳನೇ ತರಗತಿಯ ಒಬ್ಬ ವಿದ್ಯಾರ್ಥಿ