ಚಂದ್ರಶೇಖರರ ಕೈಗೆ ಎಷ್ಟು ಅಂಕ?

ಈ ವಾರ ಬರೆಯಬೇಕೆಂದು ಎತ್ತಿಕೊಂಡಿದ್ದ ವಿಷಯವೇ ಬೇರೆ. ರಜೆಗೆಂದು ಪರ್ಕಳದ ನಮ್ಮ ಮನೆಗೆ ಬಂದಿಳಿದಿರುವ ಅಕ್ಕನ ಮಗ ಅದನ್ನು ಬರೆಯಗೊಡಲಿಲ್ಲ. ಹದಿಮೂರು ವರ್ಷದ ಈ ಮಹಾನುಭಾವನು ತನ್ನೊಡನೆ ಒಂದು ಕಂಪ್ಯೂಟರನ್ನೂ ಅದರೊಳಗೆ ಒಂದು ಕ್ರಿಕೆಟ್ ಆಟವನ್ನೂ ತಂದಿದ್ದಾನೆ. ಊಟದ ಮೇಜಿನ ಒಂದು ತುದಿಯಲ್ಲಿ ನಾನು ಉತ್ತರಪತ್ರಿಕೆಗಳ ಕಟ್ಟನ್ನು ಬಿಚ್ಚಿಕೊಂಡು ಕುಳಿತರೆ, ಇನ್ನೊಂದು ತುದಿಯಲ್ಲಿ ಅವನು ತನ್ನ ಯಂತ್ರವನ್ನು ತೆರೆದು ಕುಳಿತುಕೊಳ್ಳುತ್ತಾನೆ. ಹೊರಗೆ ಬಿಡದೆ ಮಳೆ. ಇಬ್ಬರ ಉದ್ಯೋಗವೂ ಒಂದೇ ಎಂಬುದು ನನಗೆ ಹೊಳೆದದ್ದು ಮೂರನೆಯ ದಿನ. ನಾನೂ ಅಂಕ ಹಾಕುತ್ತಿದ್ದೆ, ಅವನೂ ಅಂಕ ಹಾಕುತ್ತಿದ್ದ.

“ಮಾವ, ಚಂದ್ರಶೇಖರರ ಕೈಗೆ ಎಷ್ಟು ಕೊಡುವುದು?” ಎಂದು ಕೇಳಿದ.

ಸಂಗತಿ ಇಷ್ಟು. 2014ರಲ್ಲಿ ಬಂದ, ಡಾನ್ ಬ್ರಾಡ್‌ಮನ್ನರ ಹೆಸರು ಹೊತ್ತ ಆಟದಿಂದೀಚೆಗೆ, ಇಂಥ ಆಟಗಳಲ್ಲಿ ಆಡುವವನೇ ತನಗೆ ಬೇಕಾದ ಆಟಗಾರನನ್ನು ಸೃಷ್ಟಿಸಿಕೊಳ್ಳಬಹುದು. ಬ್ರಹ್ಮನಿಗೆ ಮಣ್ಣು ಹೇಗೋ ಇವರಿಗೆ ಅಂಕಗಳು ಹಾಗೆ. ವೇಗಕ್ಕೆ ಇಷ್ಟು, ತಿರುವಿಗೆ ಇಷ್ಟು, ಗುರಿಗೆ ಇಷ್ಟು, ದೇಹಬಲಕ್ಕೆ ಇಷ್ಟು ಎಂದು ನೂರರೊಳಗೆ ತುಂಬಿದರೆ ಬೌಲರನೊಬ್ಬ ಎದ್ದು ನಿಂತು ಚೆಂಡೆಸೆಯುತ್ತಾನೆ. ನಮ್ಮ ಹುಡುಗನ ಸಂಕಲ್ಪ, ಕರ್ನಾಟಕದ ಸಾರ್ವಕಾಲಿಕ ತಂಡವೊಂದನ್ನು ಕಟ್ಟುವುದು.

ನನ್ನ ಬಾಲ್ಯದಲ್ಲಿ ಈ ತೊಡಕು ಇರಲಿಲ್ಲ. ನಾವು ಆಡುತ್ತಿದ್ದುದು ಪುಸ್ತಕದ ಕ್ರಿಕೆಟ್. ಸಮಾಜಶಾಸ್ತ್ರದ ಪುಸ್ತಕವನ್ನು ಕಣ್ಣುಮುಚ್ಚಿ ತೆರೆದು, ಎಡಪುಟದ ಸಂಖ್ಯೆಯ ಕೊನೆಯ ಅಂಕಿಯನ್ನು ನೋಡುವುದು. ನಾಲ್ಕಾದರೆ ನಾಲ್ಕು ಓಟ, ಆರಾದರೆ ಆರು, ಸೊನ್ನೆಯಾದರೆ ದಾಂಡಿಗ ಔಟು. ಈ ಆಟದಲ್ಲಿ ಬೌಲರನೆಂಬವನೇ ಇಲ್ಲವಲ್ಲ ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ! ವಿಧಿಯೇ ಚೆಂಡೆಸೆಯುತ್ತಿತ್ತು.

ಎಸೆಯುವವನಿಗೂ ಪಾಲು ಸಲ್ಲಬೇಕೆಂದು ಲೆಕ್ಕ ಹಾಕಿದ ಆಟಗಳಲ್ಲಿ ಹೆಸರಾದದ್ದು ಅಮೆರಿಕದ ಬೇಸ್‌ಬಾಲಿನದು. ಹಾಲ್ ರಿಚ್‌ಮನ್ ಎಂಬವರು 1961ರಲ್ಲಿ ಹೊರತಂದ ‘ಸ್ಟ್ರಾಟ್-ಓ-ಮ್ಯಾಟಿಕ್’ ಎಂಬ ಆಟದಲ್ಲಿ ಪ್ರತಿಯೊಬ್ಬ ಆಟಗಾರನಿಗೂ ಒಂದು ಚೀಟಿ. ಮೂರು ದಾಳಗಳನ್ನು ಉರುಳಿಸಬೇಕು. ಮೊದಲ ದಾಳದಲ್ಲಿ ಒಂದರಿಂದ ಮೂರು ಬಿದ್ದರೆ ಫಲವನ್ನು ದಾಂಡಿಗನ ಚೀಟಿಯಲ್ಲಿ ಓದಬೇಕು, ನಾಲ್ಕರಿಂದ ಆರು ಬಿದ್ದರೆ ಎಸೆಯುವವನ ಚೀಟಿಯಲ್ಲಿ. ಸರಿಯಾಗಿ ಅರ್ಧರ್ಧ. ಈಗಿನ ಗಣಕದಾಟಗಳಲ್ಲಿ ಬೇಸ್‌ಬಾಲಿನ ಎಸೆತಗಾರನಿಗೆ ಚೆಂಡಿನ ಕಸುವು, ಅದರ ಚಲನೆ, ಅದರ ಮೇಲಿನ ಹತೋಟಿ ಎಂದು ಬೇರೆಬೇರೆ ಅಂಕಗಳು. ಬೀಜ ಮಾತ್ರ ಆ ಚೀಟಿಗಳದೇ.

ಹುಡುಗನು ಮೊದಲು ಹಿಡಿದದ್ದು ಸುಲಭದ ದಾರಿ. ಟೆಸ್ಟ್ ಪಂದ್ಯಗಳ ದಾಖಲೆಯನ್ನು ತೆಗೆದ, ಒಂದು ವಿಕೆಟ್ಟಿಗೆ ಎಷ್ಟು ಓಟ ಕೊಟ್ಟರೆಂಬ ಸರಾಸರಿಯನ್ನು ನೋಡಿದ, ಅದರಂತೆ ಅಂಕ ಹಾಕಿದ. ಹಾಕಿದವನೇ ಪೆಚ್ಚಾದ. ಅನಿಲ್ ಕುಂಬ್ಳೆ 29.65, ಚಂದ್ರಶೇಖರ್ 29.74, ಪ್ರಸನ್ನ 30.38, ಶ್ರೀನಾಥ್ 30.49. ನಾಲ್ವರೂ ಒಂದೇ ಓಟದ ಅಂತರದೊಳಗೆ! ಒಬ್ಬರು ಮಿಂಚಿನಂತೆ ಓಡಿಬರುವ ವೇಗಿ, ಒಬ್ಬರು ಗಾಳಿಯಲ್ಲಿ ಚೆಂಡನ್ನು ತೇಲಿಬಿಟ್ಟು ದಾಂಡಿಗನನ್ನು ಮುಂದಕ್ಕೆ ಕರೆದು ಕೆಡಹುವವರು, ಇನ್ನಿಬ್ಬರು ಲೆಗ್ ಸ್ಪಿನ್ನಿನವರಾದರೂ ಒಬ್ಬರಂತೆ ಇನ್ನೊಬ್ಬರಲ್ಲ. ಆ ಕೊನೆಯ ಇಬ್ಬರ ಲೆಕ್ಕವನ್ನು ಇನ್ನಷ್ಟು ಕೆದಕಿದರೆ ಬೆರಗು ಹೆಚ್ಚುತ್ತದೆ. ಚಂದ್ರಶೇಖರರು 58 ಟೆಸ್ಟುಗಳಲ್ಲಿ 242 ವಿಕೆಟ್ ಪಡೆದರು, ಕುಂಬ್ಳೆಯವರು 132ರಲ್ಲಿ 619. ಇಬ್ಬರಿಗೂ ಹೆಚ್ಚುಕಡಿಮೆ 66 ಚೆಂಡಿಗೊಂದು ವಿಕೆಟ್. ಓವರಿಗೆ ಕೊಟ್ಟದ್ದೂ ಇಬ್ಬರೂ ಸುಮಾರು 2.7 ಓಟ. ಅಂಕಿಗಳನ್ನಷ್ಟೇ ನಂಬುವುದಾದರೆ ಇವರು ಒಬ್ಬನೇ ವ್ಯಕ್ತಿಯ ಎರಡು ಜನ್ಮ.

ಈ ಹೊತ್ತಿಗೆ ನಮ್ಮ ದೊಡ್ಡಪ್ಪ ಜಗಲಿಯಿಂದ ಒಳಗೆ ಬಂದರು. ಮಣಿಪಾಲದಲ್ಲಿ ಬ್ಯಾಂಕಿನ ನೌಕರಿ ಮಾಡಿ ನಿವೃತ್ತರಾದವರು, ಅಂಕಿಗಳೊಡನೆ ಜನ್ಮ ಕಳೆದವರು. ಅದರಿಂದಲೇ ಇರಬೇಕು, ಅಂಕಿಗಳಲ್ಲಿ ಅವರಿಗೆ ಅಷ್ಟಾಗಿ ವಿಶ್ವಾಸವಿಲ್ಲ. ಕುಂಬ್ಳೆಯವರ ತಿರುವಿಗೆ ಹುಡುಗನು 90 ಕೊಟ್ಟಿದ್ದುದನ್ನು ಕಂಡು ನಕ್ಕರು. “ಅವರ ಚೆಂಡು ತಿರುಗುವುದಿಲ್ಲವೆಂದು ಇಪ್ಪತ್ತು ವರ್ಷ ಜನ ದೂರಿದ್ದಾರೆ, ನೀನು ತೊಂಬತ್ತು ಕೊಡುತ್ತೀಯಲ್ಲ ಮಾರಾಯ!” ಎಂದರು. ಮಾತು ನಿಜ. ಕಾಸರಗೋಡಿನ ಕುಂಬಳೆಯೂರಿನ ಹೆಸರನ್ನು ಹೊತ್ತ ಈ ಪುರುಷರ ಬಲವಿದ್ದುದು ಗುರಿಯಲ್ಲಿ, ಪುಟಿತದಲ್ಲಿ, ದಣಿವರಿಯದ ಛಲದಲ್ಲಿ. 619ರಲ್ಲಿ 156 ಮಂದಿ ಕಾಲು ಅಡ್ಡವಿಟ್ಟು ಔಟಾದವರು ಎಂಬುದೇ ಅದಕ್ಕೆ ಸಾಕ್ಷಿ. ಹುಡುಗ ತಿರುವನ್ನು 55ಕ್ಕೆ ಇಳಿಸಿ ಗುರಿಯನ್ನು 95ಕ್ಕೆ ಏರಿಸಿದ. ಕುಂಬ್ಳೆಯವರು ಸರಿಹೋದರು.

ಇಲ್ಲಿ ಬೇಸ್‌ಬಾಲಿನ ಪಂಡಿತರ ಒಂದು ವಾದವನ್ನು ನೆನೆಯಬೇಕು. ವೋರೋಸ್ ಮೆಕ್ರಾಕೆನ್ ಎಂಬವರು 2001ರಲ್ಲಿ ಮುಂದಿಟ್ಟದ್ದು. ದಾಂಡಿಗನಿಗೆ ತಾಗಿ ಮೈದಾನದೊಳಗೆ ಬಿದ್ದ ಚೆಂಡಿನ ಗತಿ ಬಹುಮಟ್ಟಿಗೆ ಕ್ಷೇತ್ರರಕ್ಷಕರ ಕೈಯಲ್ಲೂ ಅದೃಷ್ಟದ ಕೈಯಲ್ಲೂ ಇರುತ್ತದೆ, ಎಸೆದವನ ಯೋಗ್ಯತೆಯನ್ನು ಅಳೆಯುವಾಗ ಅದನ್ನು ಬದಿಗಿಟ್ಟು ಅವನೊಬ್ಬನಿಂದಲೇ ಆದದ್ದನ್ನು ಎಣಿಸಬೇಕು ಎಂಬುದು ಅದರ ತಿರುಳು. ಕ್ರಿಕೆಟ್ಟಿಗೆ ಇದು ಪೂರ್ತಿ ಒಪ್ಪುವುದಿಲ್ಲವೆಂದು ನನ್ನ ಅಭಿಪ್ರಾಯ. ಫಾರ್ವರ್ಡ್ ಷಾರ್ಟ್ ಲೆಗ್ಗಿನಲ್ಲಿ ಸೋಲ್ಕರರು ಹಿಡಿದ ಕ್ಯಾಚಿನಲ್ಲಿ ಅವರ ಪಾಲೆಷ್ಟು, ದಾಂಡಿಗನು ತಡವರಿಸುವಂತೆ ಮಾಡಿದ ಬೌಲರನ ಪಾಲೆಷ್ಟು, ಬಿಡಿಸಿ ಹೇಳುವವರು ಯಾರು?

ದೊಡ್ಡಪ್ಪನಿಗೆ ಓವಲ್ ನೆನಪಾಯಿತು. 1971ರ ಆಗಸ್ಟ್ 23, ಸೋಮವಾರ, ಮರುದಿನ ಚೌತಿ. ಮನೆಯಲ್ಲಿ ಹಬ್ಬದ ಸಿದ್ಧತೆ, ನೆರೆಮನೆಯ ಟ್ರಾನ್ಸಿಸ್ಟರಿನ ಸುತ್ತ ಹುಡುಗರ ಗುಂಪು. ಇಂಗ್ಲೆಂಡಿನ ಎರಡನೆಯ ಸರದಿ. ಲಕ್‌ಹರ್ಸ್ಟ್ ನೇರವಾಗಿ ಹೊಡೆದ ಚೆಂಡು ಚಂದ್ರಶೇಖರರ ಕೈಗೆ ತಗುಲಿ ಹೋಗಿ ಎದುರು ತುದಿಯ ವಿಕೆಟ್ಟಿಗೆ ಬಡಿಯಿತು. ಗೆರೆಯಿಂದಾಚೆ ಇದ್ದ ಜೇಮ್ಸನ್ ರನೌಟ್. ಕೇವಲ ಆಕಸ್ಮಿಕ, ಬೌಲರನ ಖಾತೆಗೆ ಜಮೆಯೂ ಆಗದು. ಆಮೇಲೆ ಊಟದ ವಿರಾಮಕ್ಕೆ ಮುಂಚೆ ಎಡ್ರಿಚ್ಚರ ದಾಂಡು ಕೆಳಗಿಳಿಯುವ ಮೊದಲೇ ವೇಗದ ಚೆಂಡೊಂದು ವಿಕೆಟ್ಟನ್ನು ಉರುಳಿಸಿತು. ಮುಂದಿನ ಎಸೆತಕ್ಕೆ ಫ್ಲೆಚರ್, ಸೋಲ್ಕರರ ಕೈಗೆ. ಇಂಗ್ಲೆಂಡ್ 101ಕ್ಕೆ ಮುಗಿಯಿತು, ಚಂದ್ರಶೇಖರರಿಗೆ 38 ಓಟಕ್ಕೆ ಆರು ವಿಕೆಟ್. ಮರುದಿನ ಗೆದ್ದದ್ದು ಇಂಗ್ಲೆಂಡಿನ ನೆಲದಲ್ಲಿ ಭಾರತದ ಮೊದಲ ಸರಣಿ.

“ಅದು ಸರಿ ಅಜ್ಜ, ಕೈಗೆಷ್ಟು?” ಎಂದು ಹುಡುಗ ಮತ್ತೆ ಅಲ್ಲಿಗೇ ಬಂದ.

ತೊಡಕು ಅಲ್ಲಿಯೇ ಇತ್ತು. ಮೈಸೂರಿನಲ್ಲಿ ಹುಟ್ಟಿದ ಚಂದ್ರಶೇಖರರಿಗೆ ಬಾಲ್ಯದಲ್ಲಿ ಪೋಲಿಯೊ ತಗುಲಿ ಬಲಗೈ ಸೊರಗಿತು. ಕ್ಷೇತ್ರರಕ್ಷಣೆಯಲ್ಲಿ ಚೆಂಡನ್ನು ಎಡಗೈಯಿಂದ ಹಿಂದಿರುಗಿಸುತ್ತಿದ್ದರು. ಆದರೆ ಬೌಲ್ ಮಾಡುತ್ತಿದ್ದುದು ಆ ಸೊರಗಿದ ಕೈಯಿಂದಲೇ. ತೆಳುವಾದ ತೋಳು ಚಾಟಿಯಂತೆ ಬೀಸುತ್ತಿತ್ತು, ಅದರಿಂದಲೇ ಸ್ಪಿನ್ನರರಲ್ಲಿ ಕಾಣದ ವೇಗ. ದೇಹಬಲದ ಅಂಕಣದಲ್ಲಿ 40 ಬರೆದರೆ ಯಂತ್ರವು ವೇಗವನ್ನೂ ಕುಗ್ಗಿಸುತ್ತದೆಯಂತೆ. 90 ಬರೆದರೆ ಸುಳ್ಳು. ಗುರಿಯ ಅಂಕಣವೂ ಹಾಗೆಯೇ. ಮುಂದಿನ ಚೆಂಡು ಏನಾಗುವುದೆಂದು ಅವರಿಗೇ ತಿಳಿಯದೆಂಬುದು ಆ ಕಾಲದಲ್ಲಿ ಮನೆಮಾತು. ಒಂದು ಓವರಿನಲ್ಲಿ ಎರಡು ಅಡ್ಡಾದಿಡ್ಡಿ ಚೆಂಡು, ಒಂದು ಯಾರೂ ಆಡಲಾರದ ಚೆಂಡು. ಇವುಗಳ ಸರಾಸರಿ ತೆಗೆದರೆ ಸಿಕ್ಕುವುದು ಸಾಧಾರಣ ಚೆಂಡೊಂದು. ಅಂಥದನ್ನು ಅವರು ಎಸೆಯುತ್ತಲೇ ಇರಲಿಲ್ಲ! ಅವರ 242ರಲ್ಲಿ 98 ವಿಕೆಟ್ಟುಗಳು ಭಾರತ ಗೆದ್ದ 14 ಟೆಸ್ಟುಗಳಲ್ಲಿಯೇ ಬಂದವು. ಹಾಗೆಂದು ಗೆಲುವನ್ನೇ ಅಳತೆಗೋಲು ಮಾಡಿಕೊಳ್ಳುವಂತೆಯೂ ಇಲ್ಲ: 1972ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ಅವರು 79 ಓಟಕ್ಕೆ ಎಂಟು ವಿಕೆಟ್ ಕಿತ್ತರು, ಅವರ ಜೀವಮಾನದ ಶ್ರೇಷ್ಠ ಸಾಧನೆ, ಆ ಪಂದ್ಯವನ್ನು ಭಾರತ ಸೋತಿತು.

ಪ್ರಸನ್ನರದು ಇನ್ನೊಂದು ಬಗೆ. 1962ರ ವೆಸ್ಟ್ ಇಂಡೀಸ್ ಪ್ರವಾಸದ ಬಳಿಕ ಇಂಜಿನಿಯರಿಂಗ್ ಓದನ್ನು ಮುಗಿಸಲು ಹೋದವರು ಟೆಸ್ಟಿಗೆ ಮರಳಿದ್ದು 1967ರಲ್ಲಿ. ಆಡದ ಆ ಐದು ವರ್ಷಗಳಿಗೆ ಯಾವ ಅಂಕಣ? ಹುಡುಗ ಇದನ್ನು ಕೇಳಿಸಿಕೊಳ್ಳಲಿಲ್ಲ. ನಾನು ಕೇಳಿಸಿಕೊಂಡೆ.

ಏಕೆಂದರೆ ನನಗೆ ಬೇರೊಬ್ಬನ ನೆನಪಾಯಿತು. ಕೆಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಅಕ್ಷರ ಕಾಗೆಯ ಕಾಲು. ಒಂದು ದಿನ ರನ್ನನ ದುರ್ಯೋಧನನ ಬಗ್ಗೆ ಅವನು ಎದ್ದು ನಿಂತು ಐದು ನಿಮಿಷ ಆಡಿದ ಮಾತು, ಎಂ.ಎ. ಓದಿದ ನನಗೆ ಅದುವರೆಗೆ ಹೊಳೆಯದೆ ಇದ್ದದ್ದು. ಆಂತರಿಕ ಅಂಕಗಳ ಪಟ್ಟಿಯಲ್ಲಿ ಹಾಜರಿಗೆ ಒಂದು ಅಂಕಣ, ಪ್ರಬಂಧಕ್ಕೊಂದು, ಪರೀಕ್ಷೆಗೊಂದು. ಮೂರನ್ನೂ ನ್ಯಾಯವಾಗಿಯೇ ತುಂಬಿದೆ. ಇಪ್ಪತ್ತಕ್ಕೆ ಒಂಬತ್ತು ಬಂತು. ಆ ಒಂಬತ್ತು ಅವನ ದರ್ಜೆಯನ್ನು ಇಳಿಸಿತು. ಅವನು ಮುಂದೆ ಓದಲು ಅರ್ಜಿಯನ್ನೇ ಹಾಕಲಿಲ್ಲವೆಂದು ಆಮೇಲೆ ತಿಳಿಯಿತು. ಕೂಡಿಸಿದ ಲೆಕ್ಕದಲ್ಲಿ ತಪ್ಪಿರಲಿಲ್ಲ.

ಕಡೆಗೆ ಹುಡುಗನೇ ಒಂದು ಉಪಾಯ ಮಾಡಿದ. ದೇಹಬಲಕ್ಕೆ 40, ಗುರಿಗೆ 50, ತಿರುವಿಗೂ ವೇಗಕ್ಕೂ ಕೈಗೆ ಬಂದಷ್ಟು. ಯಂತ್ರವು ಇವೆಲ್ಲವನ್ನೂ ಕೂಡಿಸಿ, ಭಾಗಿಸಿ, ಚಂದ್ರಶೇಖರರು ಸಾಮಾನ್ಯ ಬೌಲರೆಂದು ಸಾರಿತು. ಹುಡುಗ ತಲೆ ಕೆಡಿಸಿಕೊಳ್ಳದೆ ಅವರ ಕೈಗೆ ಹೊಸ ಚೆಂಡನ್ನೇ ಕೊಟ್ಟ. ಮೊದಲ ಓವರಿಗೆ ಹದಿನಾಲ್ಕು ಓಟ ಹೋಯಿತು. ಎರಡನೆಯದರಲ್ಲಿ ಎರಡು ವೈಡು, ಒಂದು ಬೌಂಡರಿ. “ತೆಗೆದುಬಿಡಲೇ ಅಜ್ಜ?” ಎಂದು ಕೇಳಿದ.

ದೊಡ್ಡಪ್ಪ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ಕನ್ನಡಕವನ್ನು ಸರಿಪಡಿಸಿಕೊಂಡರು.

“ಇನ್ನೊಂದು ಓವರ್ ಕೊಡು ಮಾರಾಯ,” ಎಂದರು.