ಗುಡ್ಡ ಹತ್ತುವ ಸೈಕಲ್ಲು ಯಾವ ದೇಶದ್ದು?

ಗೇರು ಇರುವ, ದಪ್ಪ ಟಯರಿನ, ಗುಡ್ಡ ಹತ್ತುವ ಸೈಕಲ್ಲು ಈಗ ನಮ್ಮ ಹಳ್ಳಿಗಳಲ್ಲೂ ಅಪರೂಪವಲ್ಲ. ಹತ್ತನೆಯ ತರಗತಿ ಪಾಸಾದ ಮಗನಿಗೋ ಮಗಳಿಗೋ ಅಂಥದ್ದೊಂದನ್ನು ಕೊಡಿಸಲು ಹೊರಟ ತಂದೆ ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ ಬೆಲೆಯದ್ದು. ಎರಡನೆಯದು, "ಇದು ಫಾರಿನ್ನೋ, ಇಲ್ಲಿಯದೋ?" ಎಂಬುದು. ಗಲ್ಫಿನಿಂದ ಬಂದ ಪೆಟ್ಟಿಗೆಗಳನ್ನು ಕಂಡು ಬೆಳೆದ ಜಿಲ್ಲೆ ನಮ್ಮದು. ಹೊರಗಿನದು ಗಟ್ಟಿ, ಇಲ್ಲಿಯದು ಹೆಸರಿಗೆ ಮಾತ್ರ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರುಬಿಟ್ಟಿದೆ. ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಇದಕ್ಕೆ ವಿರುದ್ಧವಾಗಿ, ಸೈಕಲ್ಲಿನ ಮೇಲೆ ಭಾರತದಲ್ಲಿ ತಯಾರಾದದ್ದು ಎಂಬ ಚೀಟಿ ಕಂಡೊಡನೆ ಎದೆಯುಬ್ಬಿಸುವವರೂ ಇದ್ದಾರೆ. ಅಂಗಡಿಯವನು ಕೊಡುವ ಉತ್ತರ ಯಾವುದೇ ಇರಲಿ, ಅದು ಅರ್ಧ ಸತ್ಯವೆಂಬುದು ಈ ಇಬ್ಬರಿಗೂ ತಿಳಿದಿರುವುದಿಲ್ಲ.

ಆ ಸೈಕಲ್ಲನ್ನು ಬಿಚ್ಚಿ ನೆಲದ ಮೇಲೆ ಹರಡಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಸೀಟು, ಪೆಡಲು, ರಿಮ್ಮು, ಕಡ್ಡಿ, ಟಯರು ಇವುಗಳನ್ನು ಮಾಡುವ ಕೈಗಳು ಲೂಧಿಯಾನದಲ್ಲಿ ಬೇಕಾದಷ್ಟಿವೆ. ಆದರೆ ಹಿಂದಿನ ಚಕ್ರದ ಪಕ್ಕದಲ್ಲಿ ಚೈನನ್ನು ಒಂದು ಹಲ್ಲಿನ ಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಪುಟ್ಟ ಸಾಧನದ ಮೇಲೆ ಸಾಮಾನ್ಯವಾಗಿ ಕಾಣುವ ಹೆಸರು ಜಪಾನಿನ ಶಿಮಾನೊ. ಕುಲುಕಾಟ ತಡೆಯುವ ಮುಂದಿನ ಫೋರ್ಕು, ಎಣ್ಣೆಯ ಒತ್ತಡದಿಂದ ಹಿಡಿಯುವ ಡಿಸ್ಕ್ ಬ್ರೇಕು, ಬೆಲೆ ಏರಿದಷ್ಟೂ ಹೊರಗಿನವೇ ಆಗಿರುತ್ತವೆ. ಚೌಕಟ್ಟಿನ ಕಥೆ ಇನ್ನೂ ಸ್ವಾರಸ್ಯದ್ದು. ನಮ್ಮ ಹಳೆಯ ಕಪ್ಪು ಸೈಕಲ್ಲಿನದು ಉಕ್ಕಿನ ಕೊಳವೆ. ಮುರಿದರೆ ಯಾವ ಊರಿನ ವೆಲ್ಡಿಂಗ್ ಶಾಪಿನಲ್ಲೂ ಕೂಡಿಸಬಹುದಿತ್ತು. ಗುಡ್ಡದ ಸೈಕಲ್ಲಿಗೆ ಹಗುರವಾದ ಅಲ್ಯುಮಿನಿಯಂ ಮಿಶ್ರಲೋಹ ಬೇಕು. ಇದನ್ನು ಬೆಸೆದ ಕೂಡಲೇ ಬೆಸುಗೆಯ ಸುತ್ತಲಿನ ಲೋಹ ಮೆತ್ತಗಾಗುತ್ತದೆ. ಇಡೀ ಚೌಕಟ್ಟನ್ನು 500 ಡಿಗ್ರಿಗೂ ಮೀರಿ ಕಾಯಿಸಿ, ಥಟ್ಟನೆ ತಣಿಸಿ, ಸೊಟ್ಟಗಾದುದನ್ನು ನೇರ ಮಾಡಿ, ಪುನಃ ಕಡಿಮೆ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟರೆ ಮಾತ್ರ ಕಳೆದುಹೋದ ಬಲ ಮರಳುತ್ತದೆ. ಇದು ಪುಸ್ತಕ ಓದಿ ಬರುವ ವಿದ್ಯೆಯಲ್ಲ. ಸಾವಿರ ಚೌಕಟ್ಟು ಕೆಡಿಸಿದ ಮೇಲೆ ಕೈಗೆ ಹತ್ತುವಂಥದ್ದು.

ಈ ಕೈವಿದ್ಯೆ ದೇಶದಿಂದ ದೇಶಕ್ಕೆ ಹೇಗೆ ದಾಟುತ್ತದೆಂಬುದಕ್ಕೆ ಅಮೆರಿಕದ ಶ್ವಿನ್ ಕಂಪೆನಿಯ ಚರಿತ್ರೆಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. 1895ರಲ್ಲಿ ಶಿಕಾಗೋ ನಗರದಲ್ಲಿ ಹುಟ್ಟಿದ ಕಂಪೆನಿಯಿದು. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಟಮಲ್ಪಾಯಸ್ ಬೆಟ್ಟದ ಮಣ್ಣುದಾರಿಗಳಲ್ಲಿ ಕೆಲವು ಹುಡುಗರು ಗುಜರಿಯಿಂದ ತಂದ ಹಳೆಯ ಸೈಕಲ್ಲುಗಳನ್ನು ದಪ್ಪ ಟಯರು ಹಾಕಿ ಇಳಿಸತೊಡಗಿದರಷ್ಟೆ, ಅವುಗಳಲ್ಲಿ ಮುಖ್ಯವಾದವು ಶ್ವಿನ್ ಮಾಡಿದವೇ. ಗುಡ್ಡದ ಸೈಕಲ್ಲು ಹುಟ್ಟಿದ್ದು ಹೀಗೆ. ಅದಕ್ಕೆಂದೇ ಚೌಕಟ್ಟು ಮಾಡಿದ ಜೋ ಬ್ರೀಜ್ ಆಗಲಿ, ಮಾರಾಟಕ್ಕಿಳಿದ ಗ್ಯಾರಿ ಫಿಷರ್ ಆಗಲಿ, ಶ್ವಿನ್‌ನವರಲ್ಲ. ಮನೆಯ ಮಗು ಮನೆಯವರಿಗೇ ಗುರುತು ಸಿಗಲಿಲ್ಲ. 1981ರಲ್ಲಿ ಸ್ಪೆಷಲೈಜ್ಡ್ ಎಂಬ ಕಂಪೆನಿ ಇಂಥ ಸೈಕಲ್ಲನ್ನು ಜಪಾನಿನಲ್ಲಿ ಮಾಡಿಸಿ ಅಮೆರಿಕದಲ್ಲಿ ಹಂಚಿತು. ಅದಕ್ಕೂ ಮುಂಚೆ, 1980ರಲ್ಲಿ, ಶಿಕಾಗೋದ ಕಾರ್ಖಾನೆಯಲ್ಲಿ ಮುಷ್ಕರ ನಡೆದಾಗ ಶ್ವಿನ್ ತನ್ನ ಕೆಲಸವನ್ನು ತೈವಾನಿನ ಜಯಂಟ್ ಎಂಬ ಕಂಪೆನಿಗೆ ವಹಿಸಿತು. 1972ರಲ್ಲಷ್ಟೇ ಕಣ್ಣುಬಿಟ್ಟ ಜಯಂಟ್‌ಗೆ ಶ್ವಿನ್ ತಂತ್ರಜ್ಞರನ್ನೂ ನಕ್ಷೆಗಳನ್ನೂ ಒದಗಿಸಿತು. ಕಲಿತ ಶಿಷ್ಯ ಸುಮ್ಮನಿರುವನೇ? ಜಯಂಟ್ ತನ್ನದೇ ಹೆಸರಿನಲ್ಲಿ ಸೈಕಲ್ಲು ಮಾರತೊಡಗಿತು. ಶ್ವಿನ್ 1992ರಲ್ಲಿ ದಿವಾಳಿಯಾಯಿತು. ಜಯಂಟ್ ಇಂದು ಜಗತ್ತಿನ ಅತಿ ದೊಡ್ಡ ಸೈಕಲ್ ತಯಾರಕರ ಸಾಲಿನಲ್ಲಿದೆ.

ಶಿಮಾನೊದ್ದು ಬೇರೆ ಬಗೆ. ಜಪಾನಿನ ಸಾಕಾಯಿ ಎಂಬ ಊರು ಶತಮಾನಗಳಿಂದ ಕತ್ತಿಗೆ, ಕೋವಿಗೆ ಹೆಸರಾದದ್ದು. ಕೋವಿಯ ನಳಿಗೆ ಮಾಡುತ್ತಿದ್ದ ಕಮ್ಮಾರರು ಕಾಲ ಬದಲಾದಾಗ ಸೈಕಲ್ಲಿನ ಭಾಗಗಳಿಗೆ ಕೈಹಾಕಿದರು. ಆ ಊರಿನಲ್ಲಿ 1921ರಲ್ಲಿ ಆರಂಭವಾದ ಶಿಮಾನೊ 1982ರಲ್ಲಿ ಗುಡ್ಡದ ಸೈಕಲ್ಲಿಗೆಂದೇ ಗೇರು-ಬ್ರೇಕುಗಳ ಕಟ್ಟೊಂದನ್ನು ಹೊರತಂದಿತು. ಕಮ್ಮಾರಸಾಲೆಯಿಂದ ಜಗತ್ತಿನ ಮಾರುಕಟ್ಟೆಗೆ ಹೋದ ದಾರಿಯದು.

ನಮ್ಮ ದೇಶದಲ್ಲಿ ಕಮ್ಮಾರರಿಗೆ ಕೊರತೆಯಿತ್ತೇ? ಸೈಕಲ್ ತಯಾರಿಯಲ್ಲಿ ಭಾರತ ಚೀನದ ನಂತರದ ಸ್ಥಾನದಲ್ಲಿದೆ. ಮದ್ರಾಸಿನ ಅಂಬತ್ತೂರಿನಲ್ಲಿ ಟಿ.ಐ. ಸೈಕಲ್ಸ್ 1949ರಲ್ಲೇ ಆರಂಭವಾಯಿತು. ಅಸನ್ಸೋಲಿನ ಸೇನ್-ರ್‍ಯಾಲಿ, ಸೋನಿಪತ್‌ನ ಅಟ್ಲಾಸ್, ಲೂಧಿಯಾನದ ಹೀರೋ ಅದೇ ಕಾಲದ ಆಸುಪಾಸಿನವು. ಬಿಡಿಭಾಗಗಳಿಂದ ಮೊದಲಾಗಿ 1956ರಲ್ಲಿ ಇಡೀ ಸೈಕಲ್ಲಿಗೆ ಕೈಹಾಕಿದ ಹೀರೋ, 1986ರಲ್ಲಿ ಜಗತ್ತಿನ ಅತಿ ದೊಡ್ಡ ಸೈಕಲ್ ತಯಾರಕನೆಂದು ಗಿನ್ನೆಸ್ ಪುಸ್ತಕ ಸೇರಿತು. ಅದೇ ದಶಕದಲ್ಲಿ ತೈವಾನ್ ಗುಡ್ಡ ಹತ್ತುತ್ತಿತ್ತು. ನಾವು ಸಪಾಟು ರಸ್ತೆಯಲ್ಲಿ ಸುಖವಾಗಿದ್ದೆವು. ಹಲವು ಬಿಡಿಭಾಗಗಳು ಸಣ್ಣ ಕೈಗಾರಿಕೆಗೆ ಮೀಸಲು, ಆಮದಿಗೆ ತಡೆ, ಕೊಳ್ಳುವವನಿಗೆ ಬೇರೆ ಗತಿಯಿಲ್ಲ. ಆಮೇಲೆ ಬಂದದ್ದು ಸರಕಾರಿ ಟೆಂಡರು. ಕರ್ನಾಟಕದಲ್ಲಿ 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡತೊಡಗಿದಂತೆ ಬೇರೆ ರಾಜ್ಯಗಳೂ ಕೊಟ್ಟವು. ಆ ಯೋಜನೆಯಿಂದ ಎಷ್ಟೋ ಹುಡುಗಿಯರು ಶಾಲೆ ಬಿಡದೆ ಉಳಿದರು. ಅದನ್ನು ಹಳಿಯುವುದು ತಪ್ಪು. ಆದರೆ ಲಕ್ಷಗಟ್ಟಲೆ ಸೈಕಲ್ಲುಗಳನ್ನು ಅತಿ ಕಡಿಮೆ ಬೆಲೆಗೆ ಕೇಳುವ ಒಬ್ಬನೇ ಗಿರಾಕಿ ಇರುವಾಗ ಹೊಸದನ್ನು ಕಲಿಯುವ ಚಿಂತೆ ಯಾವ ಕಂಪೆನಿಗೆ? ಅಟ್ಲಾಸ್‌ನ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು ಕೆಲಸ ನಿಲ್ಲಿಸಿತು. ಅಂದು ವಿಶ್ವ ಸೈಕಲ್ ದಿನ!

ಇನ್ನು ಸುಂಕದ ಮಾತು. 2023ರ ಬಜೆಟಿನಲ್ಲಿ ಆಮದು ಸೈಕಲ್ಲಿನ ಸುಂಕವನ್ನು ಶೇಕಡಾ 30ರಿಂದ 35ಕ್ಕೆ ಏರಿಸಲಾಯಿತು. ಯೂರೋಪಿನವರೂ ಚೀನದ ಸೈಕಲ್ಲಿನ ಮೇಲೆ 2005ರಿಂದ ಶೇಕಡಾ 48.5ರ ತನಕ ಹೆಚ್ಚುವರಿ ಸುಂಕ ಹಾಕುತ್ತ ಬಂದಿದ್ದಾರೆ, ಆದ್ದರಿಂದ ಇದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಕೂಸಿಗೆ ಬೇಲಿ ಬೇಕು, ಸರಿ. ಆದರೆ ಎಪ್ಪತ್ತು ವರ್ಷ ದಾಟಿದ ಉದ್ಯಮವನ್ನು ಇನ್ನೂ ತೊಟ್ಟಿಲಲ್ಲಿಟ್ಟು ತೂಗುವುದಾದರೆ, ತೂಗುವ ಕೈಯವರು ಒಂದು ಪ್ರಶ್ನೆಯನ್ನಾದರೂ ಕೇಳಬೇಕು: ಈ ಸುಂಕದ ಮರೆಯಲ್ಲಿ ನೀವು ಏನು ಕಲಿತಿರಿ? ಆ ಪ್ರಶ್ನೆ ಇಲ್ಲದ ಸುಂಕ ಕೊಳ್ಳುವವನ ಕಿಸೆಯಿಂದ ಕಿತ್ತುಕೊಂಡ ದಂಡವಷ್ಟೇ. ವಿಜಯಪುರ, ಬಾಗಲಕೋಟೆಯ ರೈತರ ಮಕ್ಕಳು ಸೈಕಲ್ ಸ್ಪರ್ಧೆಗಳಲ್ಲಿ ರಾಜ್ಯಕ್ಕೆ ಹೆಸರು ತರುತ್ತಾರಲ್ಲ, ಅವರಿಗೆ ಬೇಕಾದ ಸೈಕಲ್ಲು ಲಕ್ಷ ರೂಪಾಯಿಗಳ ಲೆಕ್ಕದಲ್ಲಿ ಹೊರಗಿನಿಂದಲೇ ಬರಬೇಕು. ದಂಡ ಕಟ್ಟುವವರು ಅವರು.

ಕಲಿಯುವುದಕ್ಕೆ ಮನಸ್ಸು ಮಾಡಿದರೆ ನಮ್ಮವರಿಂದಲೂ ಸಾಧ್ಯ ಎಂಬುದಕ್ಕೆ ಸಾಕ್ಷಿ ಹತ್ತಿರದಲ್ಲೇ ಇದೆ. ಬೆಂಗಳೂರಿನಿಂದ 40 ಕಿಲೋಮೀಟರು ಹೋದರೆ ಹೊಸೂರು. ಅಲ್ಲಿಂದ ಕೆಲವೇ ಮೈಲಿಗೆ ತೊರಪಲ್ಲಿ ಅಗ್ರಹಾರ. ತಮಿಳು, ತೆಲುಗು, ಕನ್ನಡ ಮೂರೂ ಬೆರೆತ ಸೀಮೆಯದು. ನಮ್ಮಂತೆಯೇ ಗಡಿಯ ಆಚೆಗೆ ಉಳಿದ ಕನ್ನಡಿಗರು ಅಲ್ಲಿದ್ದಾರೆ. 1878ರಲ್ಲಿ ರಾಜಾಜಿಯವರು ಹುಟ್ಟಿದ್ದು ಈ ತೊರಪಲ್ಲಿಯಲ್ಲಿ. ಓದಿದ್ದು ಹೊಸೂರಿನಲ್ಲಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ. ನಮ್ಮ ಕಾಸರಗೋಡು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಲದಲ್ಲಿ ಅವರು ನಮಗೂ ಮುಖ್ಯಮಂತ್ರಿಗಳಾಗಿದ್ದವರು.

ಸ್ವದೇಶಿ-ವಿದೇಶಿ ಚರ್ಚೆಯಲ್ಲಿ ಎರಡು ಪಕ್ಷದವರೂ ತಮ್ಮವರೆನ್ನಬಹುದಾದ ಒಬ್ಬರಿದ್ದರೆ ಅವರು ರಾಜಾಜಿ. 1925ರಲ್ಲಿ ತಿರುಚೆಂಗೋಡಿನ ಬಳಿ ಆಶ್ರಮ ಕಟ್ಟಿ ಹಳ್ಳಿಯವರಿಂದ ಖಾದಿ ನೂಲಿಸಿದವರು ಅವರು. 1959ರಲ್ಲಿ ಸ್ವತಂತ್ರ ಪಕ್ಷ ಕಟ್ಟಿ ಪರ್ಮಿಟ್-ಲೈಸೆನ್ಸ್ ರಾಜ್ಯವೆಂದು ಸರಕಾರವನ್ನು ಜರೆದವರೂ ಅವರೇ. ಇದರಲ್ಲಿ ವಿರೋಧವಿದೆಯೆಂದು ನನಗನ್ನಿಸುವುದಿಲ್ಲ. ಕೈಗೆ ಕಸುಬು ಬೇಕು ಎಂದವರು, ಆ ಕಸುಬಿಗೆ ಗುಮಾಸ್ತನ ಅಪ್ಪಣೆ ಏಕೆ ಎಂದೂ ಕೇಳಬಹುದು. ಅವರು ಎಡವಿದ್ದು ಬೇರೆಡೆ. 1953ರಲ್ಲಿ ಮಕ್ಕಳಿಗೆ ಅರ್ಧ ದಿನ ಶಾಲೆ, ಉಳಿದರ್ಧ ಮನೆಯ ಕಸುಬು ಎಂಬ ಯೋಜನೆ ತಂದರು. ಕಸುಬನ್ನು ಜಾತಿಗೆ ಕಟ್ಟಿಹಾಕುವ ಆ ಯೋಜನೆಯನ್ನು ಜನ ವಿರೋಧಿಸಿದ್ದು ನ್ಯಾಯವಾಗಿಯೇ ಇತ್ತು; ಮರುವರ್ಷ ಅವರು ಅಧಿಕಾರ ಬಿಟ್ಟರು.

ಜಾತಿಯ ಹಂಗಿಲ್ಲದೆ ಕಸುಬು ಕಲಿಯುವ ಜಾಗ ಅವರ ಹುಟ್ಟೂರಿನ ಪಕ್ಕದಲ್ಲೇ ಆಮೇಲೆ ಎದ್ದಿತು. 1970ರ ದಶಕದಲ್ಲಿ ತಮಿಳುನಾಡು ಸರಕಾರ ಹೊಸೂರಿನಲ್ಲಿ ಕೈಗಾರಿಕಾ ಪ್ರದೇಶ ತೆರೆಯಿತು. 1980ರಲ್ಲಿ ಟಿವಿಎಸ್ 50 ಮೊಪೆಡ್ ಅಲ್ಲಿಂದ ಹೊರಬಂತು. ಹಾಲಿನ ಕ್ಯಾನು, ಮೀನಿನ ಬುಟ್ಟಿ, ಅಡಿಕೆಯ ಮೂಟೆ ಹೊತ್ತು ನಮ್ಮ ಏರುಗಳಲ್ಲೂ ಏದುಸಿರು ಬಿಟ್ಟ ಆ ಬಡಪಾಯಿ ಗಾಡಿಯನ್ನು ಕಾಣದವರಾರು? ಆಮೇಲೆ ಜಪಾನಿನ ಸುಜುಕಿಯೊಡನೆ ಕೂಡಿ ಕಂಪೆನಿ ಮೋಟಾರುಬೈಕು ಮಾಡಿತು. 2001ರಲ್ಲಿ ಆ ಸಂಬಂಧ ಕಡಿಯಿತು. ಜಪಾನಿನವರು ಹೋದರೆ ಕಾರ್ಖಾನೆ ಮುಚ್ಚಬೇಕಿತ್ತಲ್ಲವೇ? ಅದೇ ವರ್ಷ ತಾವೇ ರೂಪಿಸಿದ ವಿಕ್ಟರ್ ಬೈಕನ್ನು ಹೊಸೂರಿನವರು ಮಾರುಕಟ್ಟೆಗೆ ತಂದರು. ಹದಿನೇಳು-ಹದಿನೆಂಟು ವರ್ಷ ಪಕ್ಕದಲ್ಲಿ ನಿಂತು ನೋಡಿದ್ದು ವ್ಯರ್ಥವಾಗಿರಲಿಲ್ಲ. 2013ರಲ್ಲಿ ಜರ್ಮನಿಯ ಬಿಎಂಡಬ್ಲ್ಯು ಇವರ ಜತೆ ಒಪ್ಪಂದ ಮಾಡಿಕೊಂಡಿತು. ಜಿ 310 ಎಂಬ ಜರ್ಮನ್ ಹೆಸರಿನ ಬೈಕುಗಳು ಹೊಸೂರಿನಲ್ಲಿ ತಯಾರಾಗಿ ಯೂರೋಪಿಗೂ ಅಮೆರಿಕಕ್ಕೂ ಹೋದವು. ಅವುಗಳನ್ನು ಕೊಂಡ ಜರ್ಮನಿಯವನು ಫಾರಿನ್ ಮಾಲೆಂದು ಮೂಗು ಮುರಿದನೋ ಇಲ್ಲವೋ!

ಇಂಜಿನು ಮಾಡಲು ಬಂದ ನಾಡಿಗೆ ಸೈಕಲ್ಲಿನ ಗೇರು ಮಾಡಲು ಬಾರದೆಂದರೆ ಯಾರು ನಂಬುತ್ತಾರೆ? ಬಾರದೆಂದಲ್ಲ, ಮಾಡಿಸುವ ಹಟ ಯಾರಿಗೂ ಇರಲಿಲ್ಲ. ಹೊರಗಿನಿಂದ ಪೆಟ್ಟಿಗೆಯಲ್ಲಿ ತರಿಸಿ, ಸ್ಕ್ರೂ ತಿರುಗಿಸಿ, ಚೀಟಿ ಅಂಟಿಸುವುದು ಸುಲಭ, ಲಾಭವೂ ಬೇಗ. 2015ರಲ್ಲಿ ಹೀರೋ ಕಂಪೆನಿ ದುಬಾರಿ ಸೈಕಲ್ಲು ಮಾರುವ ಫೈರ್‌ಫಾಕ್ಸ್ ಎಂಬ ಸಂಸ್ಥೆಯನ್ನೇ ಕೊಂಡಿತು. ಬ್ರಾಂಡು ಕೊಳ್ಳಬಹುದು, ಕುಲುಮೆಯ ಅನುಭವ ಪೇಟೆಯಲ್ಲಿ ಸಿಗುವುದಿಲ್ಲ.

ಕೇವಲ ಜೋಡಿಸುವ ಕೆಲಸದ ಗತಿಯೇನೆಂದು ಕಾಸರಗೋಡಿನವರಿಗೆ ಹೊರಗಿನವರು ಹೇಳಬೇಕಾಗಿಲ್ಲ. ನಮ್ಮಲ್ಲಿ ರಾಜ್ಯ ಸರಕಾರದ ಆಸ್ಟ್ರಲ್ ವಾಚಸ್ ಎಂಬ ಗಡಿಯಾರ ಜೋಡಿಸುವ ಘಟಕವಿತ್ತು. ಅದು ಮುಚ್ಚಿ ವರ್ಷಗಳೇ ಸಂದವು. ಹೊಸೂರಿನಲ್ಲಿ ತಮಿಳುನಾಡು ಸರಕಾರದ ನಿಗಮವೂ ಟಾಟಾದವರೂ ಕೂಡಿ 1984ರಲ್ಲಿ ಸ್ಥಾಪಿಸಿದ ಟೈಟನ್ ಗಡಿಯಾರದ ಯಂತ್ರವನ್ನೇ ಮಾಡಲು ಕಲಿತು ದೇಶದುದ್ದಕ್ಕೂ ಬೆಳೆಯಿತು. ಎರಡೂ ಗಡಿನಾಡಿನವೇ, ಎರಡರಲ್ಲೂ ಸರಕಾರದ ಹಣವಿತ್ತು. ಇನ್ನೊಂದು, ಬೆದ್ರಡ್ಕದ ಕೆಲ್ ಕಾರ್ಖಾನೆ. ರೈಲ್ವೆಗೆ ಬೇಕಾದ ಆಲ್ಟರ್ನೇಟರುಗಳನ್ನು ಮಾಡಬಲ್ಲ ಕೈಗಳು ಅಲ್ಲಿದ್ದವು. 2011ರಲ್ಲಿ ಕೇಂದ್ರದ ಬಿಎಚ್‌ಇಎಲ್ ಕೈಸೇರಿತು, 2020ರಲ್ಲಿ ಕೆಲಸ ನಿಂತಿತು, ಕೆಲಸಗಾರರು ಬೀದಿಗಿಳಿದು ಹೋರಾಡಿದರು. ಕೊನೆಗೆ ರಾಜ್ಯ ಸರಕಾರ ಮರಳಿ ಪಡೆದು 2022ರ ಏಪ್ರಿಲಿನಲ್ಲಿ ಬಾಗಿಲು ತೆರೆಯಿತು. ಮಾಡುವ ವಿದ್ಯೆ ಇದ್ದುದರಿಂದಲೇ ಮತ್ತೆ ತೆರೆಯಲು ಅಲ್ಲಿ ಏನಾದರೂ ಉಳಿದಿತ್ತೆಂಬುದು ನನ್ನ ಅಭಿಪ್ರಾಯ. ಜೋಡಿಸುವ ಘಟಕಕ್ಕೆ ಬೀಗ ಬಿದ್ದರೆ ಉಳಿಯುವುದು ಬೀಗವೊಂದೇ.

ಹಾಗಾದರೆ ಮಗಳಿಗೆ ಯಾವ ಸೈಕಲ್ಲು ಕೊಡಿಸುವುದೆಂದು ಓದುಗರು ಕೇಳಬಹುದು. 2025ರ ಸೆಪ್ಟೆಂಬರಿನಲ್ಲಿ ಸೈಕಲ್ಲಿನ ಮೇಲಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿಯಿತು. ಆ ಉಳಿತಾಯವನ್ನು ಒಳ್ಳೆಯ ಬ್ರೇಕಿಗೆ ಹಾಕಿ, ಚೀಟಿ ನೋಡಬೇಡಿ ಎನ್ನುತ್ತೇನೆ. ನಮ್ಮ ಮುರಕಲ್ಲಿನ ಇಳಿಜಾರುಗಳಲ್ಲಿ, ಅದೂ ಮಳೆಗಾಲದಲ್ಲಿ, ದೇಶಾಭಿಮಾನಕ್ಕಿಂತ ಬ್ರೇಕು ಮುಖ್ಯ. ಚೀಟಿ ನೋಡಬೇಕಾದವರು ಬೇರೆ ಇದ್ದಾರೆ. ಕೈಗಾರಿಕೆ ತರುತ್ತೇವೆಂದು ಹೇಳಲು ಮಂತ್ರಿಗಳು ಜಿಲ್ಲೆಗೆ ಬಂದಾಗ ಎಷ್ಟು ಎಕರೆ, ಎಷ್ಟು ಕೋಟಿ ಎಂದು ಕೇಳಿ ನಾವು ತೃಪ್ತರಾಗುತ್ತೇವೆ. ಇಲ್ಲಿ ಯಾವ ಭಾಗವನ್ನು ಕಚ್ಚಾ ಲೋಹದಿಂದ ಮಾಡುತ್ತೀರಿ, ಕಲಿಸುವವರು ಯಾರು, ಕನ್ನಡ ಶಾಲೆಯಲ್ಲಿ ಓದಿದ ಹುಡುಗನಿಗೆ ಆ ಪಾಠ ಯಾವ ಭಾಷೆಯಲ್ಲಿ ಸಿಗುತ್ತದೆ ಎಂದು ಮುಂದಿನ ಸಲ ಯಾರಾದರೂ ಎದ್ದುನಿಂತು ಕೇಳಲಿ. ಉತ್ತರ ಲಿಖಿತವಾಗಿಯೇ ಬರಲಿ.